ಹಡಗಿನ ಮೇಲಿದ್ದ ಇಬ್ಬರು

ನಮ್ಮ ಸಾಂತಿಯಾಗೊ ದ್ವೀಪಕ್ಕೆ ಗವರ್ನರಾಗಿ ಬಂದ ದೊಂ ದುವಾರ್ತೆ ಪೆಸ್ಟಾನ ದೊಡ್ಡ ಮನೆತನದವರು. ಮನೆತನದ ಹೆಸರೊಂದು ಉಳಿದಿತ್ತು, ಆಸ್ತಿ ಉಳಿದಿರಲಿಲ್ಲ. ಹೆಂಡತಿ ಬಾಣಂತನದಲ್ಲೇ ತೀರಿಕೊಂಡಿದ್ದರು. ಎಳೆಯ ಮಗಳು ಗಿಯೊಮಾರಳನ್ನು ಲಿಸ್ಬನ್ನಿನಲ್ಲಿ ಅಕ್ಕನ ಮಡಿಲಿಗೆ ಹಾಕಿ ಹಡಗು ಹತ್ತಿದ್ದರು. ಅವರ ಅಡುಗೆಮನೆ ನೋಡಿಕೊಳ್ಳುತ್ತಿದ್ದವಳು ನಾನು, ಇನಾಸಿಯಾ. ಊಟಕ್ಕೆ ಕೂತಾಗಲೆಲ್ಲ ಮಗಳ ಮಾತೇ. ಅವಳು ಪ್ರಾಯಕ್ಕೆ ಬಂದ ಮೇಲೆ ಇಲ್ಲಿಗೇ ಕಳಿಸುವಂತೆ ಅಕ್ಕನಿಗೆ ಹೇಳಿಕಳಿಸಿದರು.

ಅಷ್ಟರಲ್ಲಿ ಯಾವುದೋ ಹಡಗು ಸಿಡುಬು ತಂದು ಊರಿನ ಅರ್ಧ ಮನೆಗಳನ್ನು ಖಾಲಿ ಮಾಡಿತು. ಇನ್ನು ಸಿಡುಬಿನ ಹಡಗಿನಿಂದ ಯಾರೂ ಇಳಿಯಕೂಡದು ಎಂದು ನಮ್ಮ ದೊರೆ ದೊಂ ದುವಾರ್ತೆಯವರೇ ಡಂಗುರ ಹೊಡೆಸಿದರು.

ಮರುವರ್ಷ ಲಿಸ್ಬನ್ನಿನ ಹಡಗು ಬಂತು. ಕಪ್ತಾನ ಸಣ್ಣ ದೋಣಿಯಲ್ಲಿ ಅರ್ಧ ದಾರಿ ಬಂದು ದಡದಲ್ಲಿದ್ದ ನಮ್ಮ ಕಡೆ ಕೂಗಿದ: "ಸಿಡುಬು ಇದೆ! ನಿಮ್ಮ ಮಗಳೂ ಇದ್ದಾರೆ, ದೊರೆ! ಅವರಿಗಿನ್ನೂ ಏನೂ ಆಗಿಲ್ಲ!"

"ದೋಣಿ ಇಳಿಸ್ರೋ!" ಎಂದರು ದೊರೆ.

ಯಾರೂ ಅಲುಗಲಿಲ್ಲ. ಸಿಪಾಯಿಗಳೂ ತಲೆ ತಗ್ಗಿಸಿ ನಿಂತರು. ಬೆಸ್ತರ ಯಜಮಾನ ಬೆಲ್ಶಿಯೊರ್ ಮುಂದೆ ಬಂದ. "ಆಜ್ಞೆ ನಿಮ್ದೇ, ಧಣಿ."

"ಅವಳಿಗೇನೂ ಆಗಿಲ್ಲ ಕಣೋ!"

"ಹೋದ್ವರ್ಷ ನನ್ ಹೆಂಡ್ತಿನೂ ಹಂಗೇ ಅಂದ್ಲು. 'ಪಾಪ, ಹಡಗಿಂದ ಇಳಿದ ಆ ಹುಡುಗಿಗೆ ಏನೂ ಆಗಿಲ್ಲ, ಮನೇಗ್ ಕರ್ಕೊಂಡ್ ಬಾ' ಅಂತ. ಕರ್ಕೊಂಡ್ ಬಂದೆ. ಈಗ ಮನೇಲಿ ನಾನೊಬ್ನೇ."

ದೊರೆ ತಾವೇ ದೋಣಿಗೆ ಭುಜ ಕೊಟ್ಟರು. ಅದು ಮರಳಿನಿಂದ ಕದಲಲಿಲ್ಲ. "ನೋಡ್ರೇ, ಕೋಟೆ ಆಳೋರಿಗೆ ಒಂದು ದೋಣಿ ತಳ್ಳೋಕಾಗ್ತಿಲ್ಲ!" ಎಂದು ಹಿಂದಿನಿಂದ ಯಾರೋ ಹೆಂಗಸು ಅಂದಳು. ಯಾರೂ ನಗಲಿಲ್ಲ. ದೊರೆ ಅಲ್ಲೇ ಮರಳಿನ ಮೇಲೆ ಕೂತರು.

ನೀರಿನ ಪೀಪಾಯಿ, ಕಿತ್ತಳೆ, ಆಡಿನ ಹಾಲಿನ ಗಟ್ಟಿ ಗಿಣ್ಣು ಎಲ್ಲವನ್ನೂ ತೆಪ್ಪಕ್ಕೆ ಕಟ್ಟಿ ಹಡಗಿನ ಕಡೆ ತೇಲಿಬಿಟ್ಟೆವು. ಹಡಗಿನ ಅಂಚಿಗೆ ಇಬ್ಬರು ಹುಡುಗಿಯರು ಬಂದು ನಿಂತು ಕೈ ಬೀಸತೊಡಗಿದರು. ಒಬ್ಬಳು ಮಗಳು, ಇನ್ನೊಬ್ಬಳು ಅವಳ ದಾಸಿ ಎಂದಷ್ಟೇ ಕಪ್ತಾನ ಕೂಗಿ ಹೇಳಿದ.

"ಇನಾಸಿಯಾ, ಇವರಲ್ಲಿ ನನ್ ಮಗಳು ಯಾರೇ?" ಎಂದು ದೊರೆ ನನ್ನನ್ನು ಕೇಳಿದರು.

"ನಂಗೇನ್ ಗೊತ್ತು ಧಣಿ? ಇಬ್ರಿಗೂ ಕೈ ಬೀಸಿ."

ಬೀಸಿದರು. ಗಾಳಿ ತಿರುಗಿದ್ದೇ ಹಡಗು ಬ್ರೆಜಿಲ್ ಕಡೆ ಹೊರಟುಹೋಯಿತು.

ಆಮೇಲೆ ಬಂದ ಪ್ರತಿ ನಾವಿಕನನ್ನೂ ದೊರೆ ವಿಚಾರಿಸಿದರು. ಇಬ್ಬರಲ್ಲಿ ಸಿಡುಬಿಗೆ ಸತ್ತ ಒಬ್ಬಳನ್ನು ಸಮುದ್ರಕ್ಕೆ ಹಾಕಿದರು, ಇನ್ನೊಬ್ಬಳು ಬ್ರೆಜಿಲಿನ ಬಹಿಯಾದಲ್ಲಿ ಇಳಿದಳು ಎಂದಷ್ಟೇ ಒಬ್ಬ ಹೇಳಿದ. ಹೆಸರು ಅವನಿಗೂ ಗೊತ್ತಿರಲಿಲ್ಲ. ಹೊಸ ಗವರ್ನರ್ ಬಂದು ಅಧಿಕಾರ ವಹಿಸಿಕೊಂಡ ಮೇಲೆ ದೊಂ ದುವಾರ್ತೆ ಲಿಸ್ಬನ್ನಿಗೆ ಹೋಗಲಿಲ್ಲ, ಬಹಿಯಾದ ಹಡಗು ಹತ್ತಿದರು.

ಅಲ್ಲಿ ಅವರಿಗೆ ಸಿಕ್ಕಿದವಳು ದಾಸಿ, ಮುಖದ ತುಂಬ ಸಿಡುಬಿನ ಕಲೆ. ಅವಳು ಬಾಡಿಗೆಗೆ ಹಿಡಿದಿದ್ದ ಒಂದು ಕೋಣೆಯಲ್ಲೇ ಅವರು ಕಡೆಯವರೆಗೂ ಇದ್ದರಂತೆ. ಗಿಯೊಮಾರ್ ಏನು ತಿನ್ನುತ್ತಿದ್ದಳು, ಯಾವುದಕ್ಕೆ ಹೆದರುತ್ತಿದ್ದಳು, ಅತ್ತೆಯ ಹತ್ತಿರ ಹೇಗೆ ಜಗಳ ತೆಗೆಯುತ್ತಿದ್ದಳು ಎಂದು ಸಂಜೆ ಹೊತ್ತು ಆ ಹುಡುಗಿ ಹೇಳುತ್ತಿದ್ದಳಂತೆ, ಅವರು ಕೇಳುತ್ತಾ ಕೂರುತ್ತಿದ್ದರಂತೆ.