ಕೆಟ್ಟ ಟಚ್‌ಪ್ಯಾಡು ಮತ್ತು ಗೇಟಿನ ಯಜಮಾನರು

ಅವರ ಬಲ ಅಂಗೈಗೆ ಹಿಪ್ಪುನೇರಳೆ ಸೊಪ್ಪಿನ ಕರೆ ಹತ್ತಿ ಕಪ್ಪುಹಸಿರು ಬಣ್ಣ ಬಂದುಬಿಟ್ಟಿತ್ತು. ಎಷ್ಟು ತೊಳೆದರೂ ಹೆಬ್ಬೆರಳಿನ ಉಗುರಿನ ಸುತ್ತ ಒಂದು ಗೆರೆ ಉಳಿದೇ ಇರುತ್ತಿತ್ತು. ಖಾಕಿ ಅಂಗಿಯ ತೋಳು ಇಸ್ತ್ರಿಯ ಮಡಿಕೆ ಮುರಿಯದೆ ನಿಂತಿರುತ್ತಿತ್ತು. ಅದರಿಂದ ಹೊರಗೆ ಬಂದ ಕೈ ಮಾತ್ರ ಈಗಷ್ಟೇ ತೋಟದಿಂದ ಎದ್ದು ಬಂದಂತಿತ್ತು. ಆ ಕೈ ದಿನಕ್ಕೆ ಎರಡು ಸಲ, ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ, ನನ್ನ ಚೀಲದೊಳಗೆ ಇಳಿಯುತ್ತಿತ್ತು.

ಬಿಡದಿ ಕಡೆ ಕಾರ್ಖಾನೆಗಳು ಒಂದರ ಪಕ್ಕ ಒಂದು ಎದ್ದು ನಿಲ್ಲುತ್ತಿದ್ದ ವರ್ಷಗಳವು. ಗಾಡಿಗಳಿಗೆ ಬೇಕಾದ ಸಣ್ಣ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗಕ್ಕೆ ನಾನು ಚನ್ನಪಟ್ಟಣದಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅವರು ಅಲ್ಲಿಯ ಮುಂದಿನ ಗೇಟಿನ ಕಾವಲುಗಾರರು. ಕೂಟಗಲ್ ಕಡೆಯವರು. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಬೆಳಿಗ್ಗೆ ಹುಳಕ್ಕೆ ಸೊಪ್ಪು ಹಾಕಿ, ಸ್ನಾನ ಮಾಡಿ, ಮೊಪೆಡ್ ಹತ್ತಿ ಬರುತ್ತಿದ್ದರು. ಐವತ್ತೈದು ದಾಟಿದ ವಯಸ್ಸು. ಮ್ಯಾನೇಜರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಗೇಟ್ ಯಜಮಾನ್ರು ಎಂದು.

ಅವರಷ್ಟು ಅನುಮಾನದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಊಟದ ಡಬ್ಬಿಯನ್ನು ಬರಿದೆ ಎತ್ತಿ ನೋಡಿ ಬಿಡುತ್ತಿರಲಿಲ್ಲ, ಮುಚ್ಚಳ ತೆಗೆಸುತ್ತಿದ್ದರು. ಛತ್ರಿ ಬಿಚ್ಚಿಸುತ್ತಿದ್ದರು. ಒಮ್ಮೆ ಮ್ಯಾನೇಜರ ಕಾರಿನ ಡಿಕ್ಕಿಯಲ್ಲಿ ಕಾರ್ಖಾನೆಯ ಅಳತೆ ಉಪಕರಣವೊಂದು ಸಿಕ್ಕಿತು. ಮರೆತು ಇಟ್ಟುಕೊಂಡದ್ದೆಂದು ಮ್ಯಾನೇಜರು ನಕ್ಕರು. ಯಜಮಾನರು ನಗಲಿಲ್ಲ. ಪುಸ್ತಕದಲ್ಲಿ ಬರೆದು, ಅವರ ಕೈಯಲ್ಲೇ ಸಹಿ ಹಾಕಿಸಿಕೊಂಡು ಗೇಟು ತೆಗೆದರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಚೀಲ ಕೊಡುವಾಗ ಮುಖ ಗಂಟಿಕ್ಕಿದ್ದಕ್ಕೆ ನನಗೊಂದು ಮಾತು ಹೇಳಿದ್ದರು.

“ನನ್ನ ಅನುಮಾನ ಚೀಲದ ಮ್ಯಾಲೆ ಮೇಡಂ, ನಿಮ್ಮ ಮ್ಯಾಲಲ್ಲ.”

ನನಗೆ ಕಂಪನಿಯ ಲ್ಯಾಪ್‌ಟಾಪ್ ಕೊಟ್ಟ ಮೇಲೆ ಈ ತಪಾಸಣೆ ಇನ್ನೂ ಉದ್ದವಾಯಿತು. ಅದನ್ನು ಹೊರಗೆ ತೆಗೆದು, ನಂಬರು ಓದಿ, ತೆರೆದು, ಮುಚ್ಚಿ, ಬೆನ್ನಿನ ಮೇಲೆ ಅಂಗೈ ಆಡಿಸಿ ನೋಡಿಯೇ ಕೊಡುತ್ತಿದ್ದರು. ಕೆಲವು ಸಂಜೆ ಇದರಿಂದಲೇ ಬಸ್ಸು ತಪ್ಪುತ್ತಿತ್ತು. ಇವರು ಬೇಕೆಂದೇ ಹೀಗೆ ಮಾಡುತ್ತಾರೆಂದು ನನಗನ್ನಿಸತೊಡಗಿತು.

ಒಂದು ಶನಿವಾರ ಸಂಜೆ ಅವರು ಲ್ಯಾಪ್‌ಟಾಪನ್ನು ಎಂದಿಗಿಂತ ಹೆಚ್ಚು ಹೊತ್ತು ಹಿಡಿದುಕೊಂಡಿದ್ದರು. ಮೇಜಿನ ಮೇಲಿಟ್ಟರು, ಮತ್ತೆ ಎತ್ತಿದರು, ಬೋರಲು ಹಾಕಿ ನಡುವೆ ಹೆಬ್ಬೆರಳಿಂದ ಒತ್ತಿ ನೋಡಿದರು. ಹೊರಗೆ ಬಸ್ಸು ಹೊರಡುವ ಸದ್ದು ಕೇಳುತ್ತಿತ್ತು.

“ಇದು ಮೊದ್ಲಂಗಿಲ್ಲ ಮೇಡಂ” ಎಂದರು.

ಮುಂದೇನೋ ಹೇಳಲು ಬಾಯಿ ತೆರೆದಿದ್ದರು. ನಾನು ಕೈಯಿಂದ ಕಿತ್ತುಕೊಂಡಂತೆ ತೆಗೆದುಕೊಂಡು ಓಡಿದೆ.

ಸೋಮವಾರ ಕಚೇರಿಯಲ್ಲಿ ತೆರೆದರೆ ಟಚ್‌ಪ್ಯಾಡ್ ಕೆಲಸ ಮಾಡಲಿಲ್ಲ. ಬೆರಳು ಎಳೆದರೆ ಪರದೆಯ ಮೇಲಿನ ಬಾಣ ಕದಲದು, ಕದಲಿದರೆ ಎಲ್ಲೆಲ್ಲಿಗೋ ಹಾರುತ್ತಿತ್ತು. ಒತ್ತಿದರೆ ಟಕ್ ಅನ್ನುವ ಸದ್ದೇ ಇಲ್ಲ. ಆರಿಸಿ ಮತ್ತೆ ಹಚ್ಚಿದೆ. ಬೆರಳಿನ ಬೆವರಿರಬಹುದೆಂದು ಒಣಬಟ್ಟೆಯಿಂದ ಒರೆಸಿದೆ. ಟಚ್‌ಪ್ಯಾಡ್ ಬಂದ್ ಮಾಡುವ ಕೀ ಎಲ್ಲಾದರೂ ಒತ್ತಿಹೋಗಿದೆಯೇ ಎಂದು ಅದನ್ನೂ ನೋಡಿದೆ. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಸಿಸ್ಟಮ್ಸ್‌ನ ಹುಡುಗ ಬಂದು ಡ್ರೈವರನ್ನು ತೆಗೆದು ಹೊಸದಾಗಿ ಹಾಕಿದ. ಏನೂ ಆಗಲಿಲ್ಲ. ಮೌಸ್ ಸಿಕ್ಕಿಸಿದರೆ ಎಲ್ಲವೂ ಸರಿ. ಹಾಗಾದರೆ ಒಳಗಿನ ಸಾಫ್ಟ್‌ವೇರ್ ಕೆಟ್ಟಿಲ್ಲ, ಪ್ಯಾಡಿಗೇ ಏಟು ಬಿದ್ದಿರಬೇಕು, ಯಾರಾದರೂ ಕೆಡವಿದರಾ ಎಂದು ಕೇಳಿದ.

ನನಗೆ ಶನಿವಾರದ ಸಂಜೆ ನೆನಪಾಯಿತು. ಬೋರಲು ಹಾಕಿ ಹೆಬ್ಬೆರಳಿಂದ ಒತ್ತಿದ್ದು. ಅದಕ್ಕಿಂತ ಹೆಚ್ಚಾಗಿ ಆ ಮಾತು. ಮೊದಲಿನಂತಿಲ್ಲ ಎಂದು ಅವರಿಗೆ ಹೇಗೆ ಗೊತ್ತಾಯಿತು? ತೆರೆದು ಕೆಲಸ ಮಾಡುವ ನನಗೇ ಗೊತ್ತಿರದ ಸಂಗತಿ ಮುಚ್ಚಿಕೊಡುವ ಅವರಿಗೆ ಗೊತ್ತಿತ್ತೆಂದರೆ, ಕೆಡವಿದವರು ಅವರೇ. ಮಧ್ಯಾಹ್ನದ ಊಟಕ್ಕೆ ಹೋದಾಗ ಲ್ಯಾಪ್‌ಟಾಪನ್ನು ಗೇಟಿನಲ್ಲಿ ಬಿಟ್ಟುಹೋಗಿದ್ದ ಒಂದು ದಿನವೂ ನೆನಪಾಯಿತು. ಒಂದಕ್ಕೊಂದು ಜೋಡಿಸುತ್ತ ಹೋದಂತೆ ಎಲ್ಲವೂ ಸರಿಯಾಗಿ ಕೂಡಿಬಂತು. ಅಷ್ಟು ಸರಿಯಾಗಿ ಕೂಡಿಬಂದದ್ದರ ಮೇಲೆ ಮಾತ್ರ ನನಗೆ ಅನುಮಾನ ಬರಲಿಲ್ಲ.

ಆಡಳಿತ ಕಚೇರಿಗೆ ಒಂದು ಕಾಗದ ಬರೆದುಕೊಟ್ಟೆ. ಅವರನ್ನು ಕರೆಸಿ ಕೇಳಿದರಂತೆ. ತಾವು ಕೆಡವಿಲ್ಲ ಎಂದಷ್ಟೇ ಹೇಳಿದರಂತೆ. ವಾದ ಮಾಡಲಿಲ್ಲ ಎಂಬುದನ್ನೂ ನಾನು ತಪ್ಪೊಪ್ಪಿಗೆಯ ಲೆಕ್ಕಕ್ಕೇ ಹಿಡಿದೆ. ಎರಡು ದಿನದಲ್ಲಿ ಅವರನ್ನು ಹಿಂದಿನ ಗೇಟಿಗೆ ಹಾಕಿದರು. ಅದು ಗುಜರಿ ಲಾರಿಗಳು ಹೋಗುವ ಗೇಟು. ತಗಡಿನ ನೆರಳೂ ಇಲ್ಲ, ಕೂರಲು ಕುರ್ಚಿಯೂ ಇಲ್ಲ. ಬೇಸಿಗೆ ಆಗಷ್ಟೇ ಕಾಲಿಟ್ಟಿತ್ತು.

ಮುಂದಿನ ಗೇಟಿಗೆ ಬಂದ ಹೊಸಬ ಚೀಲ ನೋಡುತ್ತಲೇ ಇರಲಿಲ್ಲ. ಬಸ್ಸು ಒಂದು ದಿನವೂ ತಪ್ಪಲಿಲ್ಲ. ಮೌಸ್ ಹಾಕಿಕೊಂಡು ಮೂರು ವಾರ ಕೆಲಸ ಮಾಡಿದೆ. ಲ್ಯಾಪ್‌ಟಾಪಿನ ಮುಚ್ಚಳ ಪೂರ್ತಿ ಕೂರುತ್ತಿರಲಿಲ್ಲ. ಅದನ್ನೂ ಅವರ ಕೈಯ ಕೆಲಸವೆಂದೇ ಶಪಿಸಿಕೊಂಡೆ.

ಒಂದು ಸಂಜೆ ತಿರಸ್ಕೃತ ಮಾಲಿನ ತೂಕ ನೋಡಲು ಹಿಂದಿನ ಗೇಟಿಗೆ ಹೋಗಬೇಕಾಯಿತು. ಅಲ್ಲಿಂದಲೇ ಮನೆಗೆ ಹೊರಡೋಣವೆಂದು ಚೀಲ ತೆಗೆದುಕೊಂಡು ಹೋಗಿದ್ದೆ. ಅವರ ಮುಖ ಬಿಸಿಲಿಗೆ ಕರ್ರಗಾಗಿತ್ತು. ನಾನು ಬೇರೆ ಕಡೆ ನೋಡುತ್ತ ದಾಟಲು ಹೋದೆ. ಅವರು ಎಂದಿನಂತೆ ಕೈ ನೀಡಿದರು. ಚೀಲ ಕೊಟ್ಟೆ. ಲ್ಯಾಪ್‌ಟಾಪ್ ತೆಗೆದು ಅಂಗೈ ಇಟ್ಟವರು, ಅಲ್ಲೇ ಇಟ್ಟುಕೊಂಡು ನಿಂತರು.

“ಇದನ್ನ ತಕಂಡು ನೀವು ಬಸ್ ಅತ್ತಬ್ಯಾಡಿ.”

ಯಾಕೆ ಎಂದೆ. ನನ್ನ ದನಿ ಏರಿತ್ತು. ದೂರು ಕೊಟ್ಟದ್ದಕ್ಕೆ ಸೇಡು ತೀರಿಸಿಕೊಳ್ಳುತ್ತಿದ್ದಾರೆ, ಎಲ್ಲರೆದುರು ನನ್ನನ್ನು ತಡೆದು ನಿಲ್ಲಿಸಬೇಕೆಂದು ಕಾದಿದ್ದಾರೆ ಅನ್ನಿಸಿತು.

“ಆರ್ಸಿ ಎಷ್ಟೊತ್ತಾಯ್ತು?”

ಒಂದು ಗಂಟೆಯಾಯಿತು ಎಂದೆ.

“ಆದ್ರೂ ಬಿಸಿ ಐತೆ. ಒಟ್ಟೆ ಉಬ್ಬೈತೆ ನೋಡಿ. ಆವತ್ತು ಒಸಿ ಇತ್ತು, ಅದ್ನೇ ಏಳಕ್ಕೆ ಬಂದೆ. ನಮ್ಮನೇಲಿ ಹುಳಕ್ಕೆ ಹಾಲುತೊಂಡೆ ರೋಗ ಬಂದ್ರೆ ಹಿಂಗೇ ಒಳಗಿಂದ ಉಬ್ಕತವೆ. ಮುಟ್ಟುದ್ರೆ ಗೊತ್ತಾಯ್ತದೆ. ತಡ ಮಾಡುದ್ರೆ ಒಡೀತವೆ.”

ಲ್ಯಾಪ್‌ಟಾಪನ್ನು ಕಲ್ಲುಚಪ್ಪಡಿಯ ಮೇಲಿಟ್ಟು ಒಂದು ಮೂಲೆ ಒತ್ತಿ ತೋರಿಸಿದರು. ಅದು ತೊಟ್ಟಿಲಿನಂತೆ ತೂಗಿತು. ಅವರೇ ಸಿಸ್ಟಮ್ಸ್‌ನ ಹುಡುಗನಿಗೆ ಹೇಳಿಕಳಿಸಿದರು. ಅವನು ಬಂದು ಬೆನ್ನಿನ ತಿರುಪನ್ನು ನಾಣ್ಯದಿಂದ ತಿರುಗಿಸಿದ. ಬ್ಯಾಟರಿ ತಾನಾಗಿಯೇ ಮೇಲಕ್ಕೆ ಚಿಮ್ಮಿತು. ಚಪ್ಪಟೆಯಾಗಿರಬೇಕಾದ್ದು ಕರಿದ ಪೂರಿಯಂತೆ ಊದಿಕೊಂಡಿತ್ತು. ಅದಿದ್ದ ಜಾಗ ಸರಿಯಾಗಿ ಟಚ್‌ಪ್ಯಾಡಿನ ಕೆಳಗೆ. ಒಳಗಿನಿಂದ ಪ್ಯಾಡನ್ನು ಮೇಲಕ್ಕೆ ಒತ್ತಿಹಿಡಿದಿತ್ತು. ಬ್ಯಾಟರಿ ತೆಗೆದು, ತೂಕದ ಯಂತ್ರದ ಪಕ್ಕದ ಕರೆಂಟಿಗೆ ಸಿಕ್ಕಿಸಿ ಹಚ್ಚಿದರೆ ಪ್ಯಾಡ್ ಟಕ್ ಎಂದಿತು. ಬಾಣ ನನ್ನ ಬೆರಳು ಹೋದಲ್ಲೆಲ್ಲ ಹೋಯಿತು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಿರಾ ಎಂದು ಆ ಹುಡುಗ ಕೇಳಿದ. ಹೌದೆಂದೆ. ಅವನು ಬ್ಯಾಟರಿಯಿಂದ ಒಂದು ಹೆಜ್ಜೆ ಹಿಂದೆ ಸರಿದ.

ಯಜಮಾನರು ಬ್ಯಾಟರಿಯನ್ನು ಬೆಂಕಿ ನಂದಿಸಲೆಂದು ಇಟ್ಟಿದ್ದ ಮರಳಿನ ಬಕೆಟ್ಟಿನಲ್ಲಿ ಹಾಕಿ, ಯಾರೂ ಓಡಾಡದ ಬಯಲಿಗೆ ಒಯ್ದು ಇಟ್ಟು ಬಂದರು. ಬೆಳಿಗ್ಗೆ ಹೋಗಿ ನೋಡಿದರೆ ಅದರ ಅಂಚು ಬಾಯಿ ಬಿಟ್ಟಿತ್ತು. ಸುತ್ತಲಿನ ಮರಳು ಕಪ್ಪಾಗಿತ್ತು.

ಇಷ್ಟಾದರೂ ನಾನು ಆ ದಿನವೇ ಕಾಗದ ಬರೆಯಲಿಲ್ಲ ಎಂಬುದನ್ನು ಹೇಳಲೇಬೇಕು. ನನ್ನನ್ನು ಏನೆಂದುಕೊಳ್ಳುತ್ತಾರೋ ಎಂಬ ಅಳುಕಿನಲ್ಲಿ ಎರಡು ದಿನ ಕಳೆದೆ. ಮೂರನೆಯ ದಿನ ಬರೆದೆ. ತಪ್ಪು ನನ್ನದು, ಅವರು ಹೇಳಲು ಬಂದದ್ದನ್ನು ನಾನೇ ಕೇಳಿಸಿಕೊಳ್ಳಲಿಲ್ಲ ಎಂದು ಬರೆದು ಸಹಿ ಹಾಕಿದೆ. ಅವರು ಮುಂದಿನ ಗೇಟಿಗೆ ಮರಳಿ ಬಂದ ದಿನ ನಾನು ಕ್ಷಮೆ ಕೇಳಲು ಮಾತು ಜೋಡಿಸಿಕೊಂಡು ಹೋಗಿದ್ದೆ. ಅವರು ಬಿಡಲಿಲ್ಲ. ಕಾಗದ ಕೊಟ್ಟ ವಿಷಯ ಗೊತ್ತಾಯಿತೆಂದು ತಲೆಯಾಡಿಸಿ, ಚೀಲ ಕೊಡಿ ಎಂದರು. ಡಬ್ಬಿ ತೆಗೆಸಿ ನೋಡಿದರು. ಆ ಸಂಜೆ ಬಸ್ಸೂ ತಪ್ಪಿತು.

ಮುಂದಿನ ವರ್ಷ ಕಾವಲಿನ ಗುತ್ತಿಗೆ ಬೇರೆಯವರ ಪಾಲಾಯಿತು. ವಯಸ್ಸಾದವರನ್ನೆಲ್ಲ ಮನೆಗೆ ಕಳಿಸಿದರು. ಆಮೇಲೆ ಯಜಮಾನರು ತೀರಿಕೊಂಡ ಸುದ್ದಿ ನನಗೆ ತಲುಪಿದಾಗ ತಿಥಿ ಮರುದಿನವಿತ್ತು. ವಿಳಾಸ ಕೇಳಿಕೊಂಡು ಹೋದೆ. ಅವರ ಹೆಂಡತಿ ಹಜಾರದ ಕಂಬಕ್ಕೆ ಒರಗಿ ಕೂತಿದ್ದರು. ಯಾರು ಎಂದು ಕೇಳಿದರು. ಕಾರ್ಖಾನೆಯವಳು, ಹೀಗೆ ಲ್ಯಾಪ್‌ಟಾಪ್ ಎಂದು ಶುರುಮಾಡುತ್ತಿದ್ದಂತೆ ಅವರ ಮುಖ ಅರಳಿತು.

“ನೀನೇನವ್ವ ಅದು? ತಪ್ಪಾಯ್ತು ಅಂತ ಕಾಗದದಲ್ಲಿ ಬರ್ದು ಸೈನ್ ಆಕುದ್ ಹುಡ್ಗಿ? ನಮ್ ಯಜಮಾನ್ರು ನೆಂಟ್ರಿಷ್ಟ್ರಿಗೆಲ್ಲ ಏಳೋರು. ಆಫೀಸ್ನೋರು ಯಾರು ಅಂಗೆ ಬರ್ಕೊಡ್ತಾರೆ ಅನ್ನೋರು.”

ಯಾವ ತಪ್ಪು ಎಂದು ಅವರಿಗೆ ಗೊತ್ತಿದೆಯೇ ಎಂದು ಕೇಳಿದೆ. ಏನೋ ಮಿಷಿನ್ನಿನದು ಎಂದರು. ಹಿಂದಿನ ಗೇಟಿನ ವಿಷಯ ಕೇಳಿದೆ. ಅದು ಊರಿನ ದಾರಿಗೆ ಹತ್ತಿರವೆಂದು ತಾವೇ ಕೇಳಿ ಹಾಕಿಸಿಕೊಂಡಿದ್ದರಂತೆ, ಬಿಸಿಲು ತಡೆಯಲಾರದೆ ವಾಪಸು ಹೋದರಂತೆ. ಮನೆಯವರಿಗೆ ಅವರು ಹೇಳಿದ್ದು ಇಷ್ಟೇ. ನನ್ನ ಎರಡನೆಯ ಕಾಗದವನ್ನು ಊರಿಗೆಲ್ಲ ಸಾರಿದ್ದರು. ಮೊದಲನೆಯದನ್ನು ಹೆಂಡತಿಗೂ ತಿಳಿಸಿರಲಿಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ಆದರೆ ಆ ಮನೆಯಲ್ಲಿ ಊಟಕ್ಕೆ ಕೂರುವ ಮೊದಲು ಹೇಳಿಬಿಡಬೇಕು ಅನ್ನಿಸಿತು. ಅವರನ್ನು ಆ ಬಿಸಿಲಿಗೆ ಹಾಕಿಸಿದವಳು ನಾನೇ ಎಂದು ಹೇಳಿದೆ. ಆಕೆ ಎದ್ದುಹೋಗು ಅಂದಿದ್ದರೆ ನಾನು ಎದ್ದುಹೋಗುತ್ತಿದ್ದೆ.

“ಅವ್ರೇ ಏಳ್ನಿಲ್ಲ ಅಂದ್ಮ್ಯಾಕೆ, ನಾನೂ ಕೇಳಿಸ್ಕಂಡಿಲ್ಲ ಕಣವ್ವ” ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು, ಕೈ ಹಿಡಿದು ಪಂಕ್ತಿಯವರೆಗೆ ಕರೆದುಕೊಂಡು ಹೋಗಿ, ನನ್ನೆಲೆಗೆ ತಾವೇ ಬಡಿಸಿದರು.