ಗಣಿತದ ಡಿಗ್ರಿಗೆ ಎಂಬತ್ತೈದರ ಕೂಗು

ಎಪ್ಪತ್ತರ ದಶಕದ ಶುರುವಿನ ಮಾತು. ಇಂಟರ್ ಸೈನ್ಸ್ ಪಾಸಾದ ವಾರದಲ್ಲೇ ನನಗೆ ಬಾಂದ್ರಾದ ಒಂದು ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ತಿಂಗಳಿಗೆ ನೂರೈವತ್ತು ರೂಪಾಯಿ. ನಮ್ಮ ಕುರ್ಲಾ ಚಾಳಿನಲ್ಲಿ ಅದೇನು ಸಣ್ಣ ಸುದ್ದಿಯಲ್ಲ. ಆದರೆ ನನಗೆ ಹಿಡಿದಿದ್ದದ್ದು ಗಣಿತದ ಹುಚ್ಚು. ಇನ್ನೆರಡು ವರ್ಷ ಓದಿದರೆ ಬಿ.ಎಸ್ಸಿ. ಅದಕ್ಕೆ ಸಾಲ ಮಾಡಬೇಕಿತ್ತು.

ಅಪ್ಪ ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುತ್ತಿದ್ದ. ನೂಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕಡೆದ ಕಬ್ಬಿಣದ ತುಂಡನ್ನು ಗುಜರಿಗೆ ಎಸೆಯುವ ಮನುಷ್ಯ. ನನಗೂ ಅದೇ ಅಳತೆ ಇಟ್ಟ. "ನಿನಗ ಇಪ್ಪತ್ನಾಲ್ಕು ತುಂಬೂದ್ರಾಗ ಓದಿ ಗಳಿಸಿದ್ದು ಎಲ್ಲಾ ಕೂಡಿ ಟೈಪಿಂಗ್‌ಕಿಂತ ಒಂದು ರೂಪಾಯಿ ಆದ್ರೂ ಜಾಸ್ತಿ ಆಗಬೇಕು. ಪೇಪರ್ ಮ್ಯಾಲೆ ತೋರಸು. ಇಲ್ಲಂದ್ರ ಸೋಮವಾರ ಬಾಂದ್ರಾ ಲೋಕಲ್ ಹತ್ತು."

ನನಗೆ ಹಬ್ಬವೋ ಹಬ್ಬ! ಅಲ್ಲಿಯವರೆಗೆ ಗಣಿತ ಯಾರದೋ ರೈಲಿನ ವೇಗ, ಯಾರದೋ ತೊಟ್ಟಿಯ ನೀರು. ಈಗ ಅದು ನನ್ನದೇ ಬದುಕಿನ ಲೆಕ್ಕ. ಡಿಗ್ರಿಯಾದವರು ಎಷ್ಟು ಗಳಿಸುತ್ತಾರೆಂದು ತಿಳಿಯಲು ಶಾಲೆಯಲ್ಲಿ ನನಗೆ ಗಣಿತ ಕಲಿಸಿದ್ದ ಟೀಚರ ಬಳಿಗೆ ಹೋದೆ. ಹೆಣ್ಣಿನ ವಯಸ್ಸು, ಗಂಡಿನ ಸಂಬಳ ಕೇಳಬಾರದು ಎನ್ನುತ್ತಾರೆ. ಹೆಣ್ಣಿನ ಸಂಬಳಕ್ಕೆ ಯಾರೂ ಅಡ್ಡಿ ಹೇಳಿಲ್ಲವಲ್ಲ ಎಂದು ಕೇಳಿಯೇಬಿಟ್ಟೆ. ಅವರು ನಕ್ಕು, ಬಾಗಿಲು ಹಾಕಿ, ಹೇಳಿದರು.

ಗ್ರಾಫ್ ಕಾಗದದಲ್ಲಿ ಎರಡು ಗೆರೆ ಎಳೆದೆ. ಟೈಪಿಂಗ್ ಗೆರೆ ಈಗಿಂದಲೇ ಮೇಲೇರಿತು. ಡಿಗ್ರಿ ಗೆರೆ ಎರಡು ವರ್ಷ ಸಾಲದ ಕೆಳಗೆ ತೆವಳಿ, ಆಮೇಲೆ ನೆಗೆಯಿತು. ಅವು ಎಲ್ಲಿ ಸೇರುತ್ತವೆ ಎಂಬುದು ಸಾಲ ಎಷ್ಟು ತುಟ್ಟಿ ಎಂಬುದರ ಮೇಲೆ ನಿಂತಿತ್ತು. ಸಾಲ ಎಂದರೆ ನಮಗೆ ಭಿಶಿ. ಚಾಳಿನ ಇಪ್ಪತ್ತು ಹೆಂಗಸರು ತಿಂಗಳಿಗೆ ಮೂವತ್ತು ರೂಪಾಯಿಯಂತೆ ಹಾಕುವರು. ಒಟ್ಟು ಆರುನೂರು. ತುರ್ತು ಇದ್ದವರು "ಆರುನೂರರಾಗ ನಾ ಇಷ್ಟು ಬಿಡತೀನಿ" ಎಂದು ಕೂಗಬೇಕು. ಹೆಚ್ಚು ಬಿಟ್ಟವರಿಗೆ ಆ ತಿಂಗಳ ಗಂಟು. ಬಿಟ್ಟ ದುಡ್ಡನ್ನು ಇಪ್ಪತ್ತೂ ಜನ ಹಂಚಿಕೊಳ್ಳುವುದು. ಗಂಟು ಎತ್ತಿದವರು ಕೊನೆಯ ತಿಂಗಳವರೆಗೂ ಕಂತು ಕಟ್ಟುತ್ತಿರಬೇಕು.

ಎಪ್ಪತ್ತು ಬಿಟ್ಟರೆ ಇಪ್ಪತ್ನಾಲ್ಕನೆಯ ಹುಟ್ಟುಹಬ್ಬಕ್ಕೆ ಸರಿಯಾಗಿ ಒಂದು ರೂಪಾಯಿ ಮುಂದಿರುತ್ತೇನೆ. ಅದಕ್ಕಿಂತ ಮೇಲೆ ಹೋದರೆ ಅಪ್ಪನ ಗುಜರಿ. ಅಕ್ಷರ ಬಾರದ ಅವ್ವನಿಗೆ ಮೂರು ಸಲ ಹೇಳಿ ಬಾಯಿಪಾಠ ಮಾಡಿಸಿದೆ: ಎಪ್ಪತ್ತು, ಅಷ್ಟೇ.

ಹೊಸ ಭಿಶಿಯ ಮೊದಲ ಭಾನುವಾರ ಮಧ್ಯಾಹ್ನ ಮನೆಗಳ ಮುಂದಿನ ಗ್ಯಾಲರಿಯಲ್ಲಿ ಹೆಂಗಸರು ಕೂತರು. ಗಂಟು ಬೇಕಾಗಿದ್ದದ್ದು ಇಬ್ಬರಿಗೆ: ಅವ್ವನಿಗೆ, ಮತ್ತು ಕೈಯಲ್ಲೇ ಬ್ಲೌಸ್ ಹೊಲಿದು ಕಣ್ಣು ಕಳೆದುಕೊಳ್ಳುತ್ತಿದ್ದ ಪಕ್ಕದ ಮನೆಯಾಕೆಗೆ. ಅವಳಿಗೆ ಹೊಲಿಗೆ ಮಿಷನ್ ಬೇಕಿತ್ತು. ಐವತ್ತು, ಅರವತ್ತು, ಎಪ್ಪತ್ತು. ಪಕ್ಕದ ಮನೆಯಾಕೆ "ಎಂಬತ್ತು" ಎಂದಳು.  ಮುಗಿಯಿತು, ಬಾಂದ್ರಾ ಲೋಕಲ್ಲೇ ಗತಿ.

"ಎಂಬತ್ತೈದು" ಎಂದಳು ಅವ್ವ.

ನಾನು ಕಾಗದ ಹಿಡಿದು ಓಡಿಬಂದೆ. "ಅವ್ವಾ, ಲಾಸು! ಲೆಕ್ಕ ತಪ್ಪತೈತಿ!"

"ಸುಮ್ನ ನಿಂದ್ರ. ಬರೂ ಹತ್ತೊಂಬತ್ತು ತಿಂಗಳು ಇವರು ಬಿಡೂದ್ರಾಗ ನಮ್ಮ ಪಾಲು ಬರತೈತಲ್ಲ, ಅದನ್ನ ಹಿಡದೀಯೇನ?"

ಹಿಡಿದಿರಲಿಲ್ಲ. ಈ ಎಂಬತ್ತೈದರಲ್ಲೇ ನಾಲ್ಕೂಕಾಲು ರೂಪಾಯಿ ನಮ್ಮ ಮನೆಗೆ ವಾಪಸು ಬರುತ್ತದೆ ಎಂಬುದನ್ನೂ ಹಿಡಿದಿರಲಿಲ್ಲ! ಚಿಕ್ಕಂದಿನಿಂದ ಭಿಶಿಯ ನಡುವೆಯೇ ಬೆಳೆದವಳು ನಾನು. ಬೇರೆಯವರು ಬಿಟ್ಟ ದುಡ್ಡಿನ ಪಾಲಿನಲ್ಲಿ ಎಷ್ಟು ಸಲ ವಡಾಪಾವ್ ತಿಂದಿದ್ದೆನೋ. ಮಹಾ ಗಣಿತಜ್ಞೆ! ದೀಪದ ಬುಡದಲ್ಲೇ ಕತ್ತಲೆ. ಅಲ್ಲೇ ನೆಲದ ಮೇಲೆ ಕೂತು ಲೆಕ್ಕವನ್ನು ಮತ್ತೆ ಮಾಡಿದೆ. ತಿಂಗಳಿಗೆ ಎರಡೇ ರೂಪಾಯಿ ಬಂದರೂ ಸಾಕಿತ್ತು. ಎರಡೂ ಗೆರೆ ಇಪ್ಪತ್ನಾಲ್ಕರ ಒಳಗೇ ಸೇರಿದವು! ನನ್ನ ಕೂಗು ನಲ್ಲಿಯ ಸಾಲಿನವರೆಗೂ ಕೇಳಿರಬೇಕು. ಅಪ್ಪ ಕಾಗದವನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಗೆರೆ ಸವರುತ್ತ ನೋಡಿ, "ಹೂಂ, ಕೂಡತೈತಿ" ಎಂದ. ಅವನ ಬಾಯಲ್ಲಿ ಅದು ಪದವಿ ಪ್ರದಾನಕ್ಕೆ ಸಮ. ನಾನು ಅವ್ವನನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟೆ.

ಎಂಬತ್ತೈದರ ಮೇಲೆ ಯಾರೂ ಕೂಗದೆ ಗಂಟು ನಮ್ಮದಾಗಿತ್ತು. ಹೆಂಗಸರು ತಮ್ಮ ತಮ್ಮ ನಾಲ್ಕೂಕಾಲು ರೂಪಾಯಿ ಸೆರಗಿಗೆ ಕಟ್ಟಿಕೊಂಡು ಎದ್ದರು. ಪಕ್ಕದ ಮನೆಯಾಕೆ ಮಾತ್ರ ನನ್ನ ಹತ್ತಿರ ಬಂದು ನಿಂತಳು. ಬೈಯುತ್ತಾಳೆ ಎಂದುಕೊಂಡೆ.

"ನಾ ನೂರರ ತನಕ ಕೂಗಾಕ ಬಂದಿದ್ದೆ," ಎಂದಳು. "ನೀ ಓಡಿ ಬಂದಿ ನೋಡು, ಆ ಪೇಪರ್ ಎದಿಗೆ ಅವಚಿಕೊಂಡಿದ್ದಿ. ಮುಂದ ಕೂಗಾಕ ನನಗ ಮನಸ್ಸ ಬರಲಿಲ್ಲ. ಫೇಲ್ ಆಗಬ್ಯಾಡವಾ."

 ಅಷ್ಟು ಹೊತ್ತಿನ ಕುಣಿತದಲ್ಲಿ ಅವಳ ಮಿಷನ್ ನನಗೆ ಒಮ್ಮೆಯೂ ನೆನಪಾಗಿರಲಿಲ್ಲ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಮರುದಿನ ಫೀ ಕಟ್ಟಿದೆ. ಆ ಎರಡು ವರ್ಷ ಒಂದು ಕ್ಲಾಸೂ ತಪ್ಪಿಸಲಿಲ್ಲ. ಮಳೆಗೆ ಲೋಕಲ್ ನಿಂತ ದಿನ ಪುಸ್ತಕವನ್ನು ತಲೆಯ ಮೇಲಿಟ್ಟುಕೊಂಡು, ಮೊಣಕಾಲುದ್ದ ನೀರಿನಲ್ಲಿ ಹಳಿಯ ಮೇಲೆ ನಡೆದು ಹೋದೆ.