ಚುಕ್ಕಿ ಬಿಟ್ಟುಹೋದ ಸಾಲು

ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯಲ್ಲಿ ಯಮುನಾ ಹತ್ತೊಂಬತ್ತು ವರ್ಷಗಳಿಂದ ಕಬ್ಬಿಣ ಕಡೆಯುವ ಕಂಪ್ಯೂಟರ್ ಲೇತ್ ನಡೆಸುತ್ತಿದ್ದಾಳೆ. ನಾಗಸಂದ್ರದ ಹಳೇ ಒಕ್ಕಲು ಮನೆತನದವಳು. ಅಜ್ಜ ರಾಗಿ ಬೆಳೆಯುತ್ತಿದ್ದ ನೆಲದ ಮೇಲೆ ಈಗ ಸಾಲು ಸಾಲು ಶೆಡ್‌ಗಳು. ಐಟಿಐ ಮುಗಿಸಿದ ಮೊಮ್ಮಗಳು ಕೆಲಸಕ್ಕೆ ನಡೆದೇ ಹೋಗುತ್ತಾಳೆ.

ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ, ಹೊರಗಿನ ಎಂಜಿನಿಯರ್ ಬರೆದುಕೊಟ್ಟ ಹೊಸ ಪ್ರೋಗ್ರಾಂ ಹಾಕಿ ಅವಳು ಸ್ಟಾರ್ಟ್ ಬಟನ್ ಒತ್ತಿದಳು. ಒಂದು ಸಾಲಿನಲ್ಲಿ ಐವತ್ತು ಎಂಬ ಅಂಕಿಯ ನಂತರ ಇಡಬೇಕಾದ ಚುಕ್ಕಿ ಬಿಟ್ಟುಹೋಗಿತ್ತು. ಚುಕ್ಕಿ ಇದ್ದರೆ ಐವತ್ತು ಮಿಲಿಮೀಟರ್. ಇಲ್ಲದಿದ್ದರೆ ಆ ಯಂತ್ರದ ಲೆಕ್ಕದಲ್ಲಿ ಒಂದು ಕೂದಲೆಳೆಯ ದಪ್ಪ ಅಷ್ಟೇ. ದೂರ ಸರಿಯಬೇಕಿದ್ದ ಕತ್ತರಿಸುವ ಟೂಲ್ ಸರಿಯದೆ, ಗಿರಗಿರನೆ ತಿರುಗುತ್ತಿದ್ದ ಕಬ್ಬಿಣಕ್ಕೆ ಬಡಿದು ಚೂರಾಯಿತು. ಪಕ್ಕದಲ್ಲಿ ನಿಂತಿದ್ದ ಹೆಲ್ಪರ್ ನರೇಶ್‌ನ ಬಲಗಣ್ಣು ಹೋಯಿತು.

ಬಟನ್ ಒತ್ತುವ ಮೊದಲು ಆಪರೇಟರ್ ನೋಡಿಕೊಳ್ಳಬೇಕಿತ್ತು ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಯಮುನಾ ಎದುರಾಡಲಿಲ್ಲ. ನರೇಶ್ ಕೆಲಸ ಬಿಟ್ಟು ದಾಸರಹಳ್ಳಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟನೆಂದು ಕೇಳಿದ ಮೇಲೆ ಅವಳು ಆ ರಸ್ತೆಗೇ ಹೋಗಲಿಲ್ಲ. ಆದರೆ ಬರೆದವರ ಮನಸ್ಸಿನಲ್ಲಿದ್ದದ್ದು ಒಂದು, ಯಂತ್ರ ಮಾಡಿದ್ದು ಇನ್ನೊಂದು ಆದಾಗಲೆಲ್ಲ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದಳು. ಒಂದು ಮುಗಿದು ಇನ್ನೊಂದಾಗಿ ಆರು ಪುಸ್ತಕಗಳಾದವು.

ಆ ಹೊತ್ತಿಗೆ ಕೃಪಾ ಬಂದಳು. ಜಾಲಹಳ್ಳಿಯವಳು, ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಮನುಷ್ಯರು ಕಂಪ್ಯೂಟರ್‌ಗೆ ಹೇಳಬೇಕಾದ್ದನ್ನು ಬರೆಯುವ ಭಾಷೆಗಳೇ ಅವಳ ಸಂಶೋಧನೆ. ಇಂಥ ಯಂತ್ರಗಳಿಗಾಗಿ, ಓಡಿಸುವ ಮೊದಲೇ ತಪ್ಪು ಹಿಡಿಯುವ ಹೊಸ ಭಾಷೆಯೊಂದನ್ನು ಕಟ್ಟುತ್ತಿದ್ದಳು. ಮಾಲೀಕ ಶಿವಶಂಕರ್ ಅವರ ಒಪ್ಪಿಗೆ ಪಡೆದು ಅದನ್ನು ಪರೀಕ್ಷಿಸಲು ತಂದಳು. ಮೊದಲ ದಿನ ಅದು ಪ್ರೋಗ್ರಾಮನ್ನು ಸಾಲು ಸಾಲಿಗೂ ತಪ್ಪೆಂದು ನಿಲ್ಲಿಸಿತು. ಅರ್ಧ ಗಂಟೆ ನೋಡಿದ ಯಮುನಾ ಪರದೆಯತ್ತ ಕೈ ತೋರಿಸಿದಳು.

“ಮೇಡಂ, ಇದು ಎಲ್ಲದಕ್ಕೂ ತಪ್ಪು ತಪ್ಪು ಅಂತಿದೆ. ಹಿಂಗಾದ್ರೆ ನಮ್ಮೋರು ಎರಡೇ ದಿನಕ್ಕೆ ಆಫ್ ಮಾಡಿಟ್ಬಿಡ್ತಾರೆ. ನಿಜವಾದ ತಪ್ಪು ಬಂದಾಗ ಇದರ ಮಾತು ಕೇಳೋರೇ ಇರಲ್ಲ.”

ಕೃಪಾಳ ಮುಖ ಸಣ್ಣಗಾಯಿತು. ಆದರೂ ಮರುದಿನ ಬಂದಳು. ಯಮುನಾ ಆರೂ ಪುಸ್ತಕಗಳನ್ನು ಅವಳ ಮುಂದಿಟ್ಟಳು.

ಯಾವ ತಪ್ಪು ಕೈಕಾಲು ತೆಗೆಯುತ್ತದೆ, ಯಾವುದು ನಡೆದುಹೋಗುತ್ತದೆ ಎಂದು ಇಬ್ಬರೂ ಎರಡು ವರ್ಷ ಕೂತು ಬೇರ್ಪಡಿಸಿ, ಅಪಾಯದ ತಪ್ಪಿಗೆ ಮಾತ್ರ ನಿಲ್ಲಿಸುವಂತೆ ಭಾಷೆಯನ್ನು ತಿದ್ದಿದರು. ಸಂಶೋಧನಾ ಲೇಖನ ಬರೆದಾಗ ಕೃಪಾ ತನ್ನ ಹೆಸರಿನ ಪಕ್ಕದಲ್ಲೇ ಯಮುನಾಳ ಹೆಸರು ಹಾಕಿದಳು. ಐಟಿಐ ಓದಿದವರು ಲೇಖಕಿ ಹೇಗಾಗುತ್ತಾರೆ ಎಂದು ವಿಭಾಗದ ಹಿರಿಯರೊಬ್ಬರು ಕೇಳಿದರು. ಆ ಪುಸ್ತಕಗಳಿಂದ ಬಂದದ್ದನ್ನು ತೆಗೆದು ಏನು ಉಳಿಯುತ್ತದೆ ನೋಡಿ ಎಂದಳು ಕೃಪಾ.

ಪ್ರೋಗ್ರಾಮಿಂಗ್ ಭಾಷೆಗಳ ಸಂಶೋಧಕರ ಸಮ್ಮೇಳನ ಆ ವರ್ಷ ವೈಟ್‌ಫೀಲ್ಡಿನ ಹೋಟೆಲೊಂದರಲ್ಲಿ ನಡೆಯುವುದಿತ್ತು. ಅತ್ಯುತ್ತಮ ಲೇಖನದ ಪ್ರಶಸ್ತಿ ಇವರಿಗೇ ಎಂದು ಮುಂಚೆಯೇ ತಿಳಿಸಿದರು. ವೇದಿಕೆಯ ಮೇಲೆ ಆ ಅಪಘಾತದಿಂದಲೇ ಮಾತು ಶುರುಮಾಡಬೇಕೆಂದು ಕೃಪಾಳ ಆಸೆ. ಮೊದಲು ನರೇಶ್‌ನನ್ನು ಕೇಳಬೇಕು ಎಂದಳು ಯಮುನಾ.

ಭಾನುವಾರ ಮಧ್ಯಾಹ್ನ ಜೆರಾಕ್ಸ್ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ನರೇಶ್ ಅವಳನ್ನು ಕಂಡ ಕೂಡಲೇ ಸ್ಟೂಲ್ ಎಳೆದುಕೊಟ್ಟ. ಅವಳು ಕೂರಲಿಲ್ಲ.

“ಅವತ್ತು ಬಟನ್ ಒತ್ತಿದ್ದು ನಾನು, ನರೇಶಾ. ನಿನ್ನ ಮುಂದೆ ನಿಂತು ಒಂದು ಸಲಾನೂ ಹೇಳ್ಲಿಲ್ಲ.”

ಅವನು ಕೈಯಲ್ಲಿದ್ದ ಹಾಳೆಗಳನ್ನು ಕೆಳಗಿಟ್ಟ.

“ಯಂತ್ರದ ಬಾಗಿಲಿನ ಲಾಕ್ ತೆಗೆದಿದ್ದು ನಾನು ಕಣಕ್ಕ. ಕಬ್ಬಿಣದ ಪುಡಿ ಗುಡಿಸೋಕೆ ಅಡ್ಡ ಆಗ್ತಿತ್ತು ಅಂತ. ಲಾಕ್ ಇದ್ದಿದ್ರೆ ಬಾಗಿಲು ಮುಚ್ಚದೆ ಯಂತ್ರ ಓಡ್ತಾನೇ ಇರ್ಲಿಲ್ಲ, ಆ ಚೂರು ಒಳಗೇ ಬೀಳ್ತಿತ್ತು. ಎಲ್ಲಾ ನಿನ್ ಮೇಲೆ ಹಾಕಿದಾಗ ನಾನು ಬಾಯಿ ಬಿಡ್ಲಿಲ್ಲ.”

ಯಮುನಾ ಆಗ ಕೂತಳು. ಒಬ್ಬ ಹುಡುಗಿ ಆಧಾರ್ ಕಾರ್ಡಿನ ಪ್ರತಿ ಮಾಡಿಸಿಕೊಂಡು ಹೋದಳು. ವೇದಿಕೆಯಲ್ಲಿ ಕೃಪಾ ಅವನ ಹೆಸರು ಹೇಳಬಹುದೇ ಎಂದು ಯಮುನಾ ಆಮೇಲೆ ಕೇಳಿದಾಗ, ಹೇಳಲಿ, ಆದರೆ ಲಾಕಿನ ಸಂಗತಿಯನ್ನೂ ಸೇರಿಸಿ ಹೇಳಲಿ ಎಂದ ನರೇಶ್.

ಸಮ್ಮೇಳನದ ದಿನ ಯಮುನಾ ನಾಗಸಂದ್ರದಲ್ಲಿ ಮೆಟ್ರೊ ಹತ್ತಿದಳು, ನರೇಶ್ ದಾಸರಹಳ್ಳಿಯಲ್ಲಿ ಅದೇ ಬೋಗಿಗೆ ಬಂದ. ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿ ವೈಟ್‌ಫೀಲ್ಡ್ ಮುಟ್ಟುವವರೆಗೂ ಹಳೇ ಕಾರ್ಖಾನೆಯ ಮಾತೇ. ಕೃಪಾ ವೇದಿಕೆಯಲ್ಲಿ ಚುಕ್ಕಿಯನ್ನೂ ಹೇಳಿದಳು, ಲಾಕನ್ನೂ ಹೇಳಿದಳು. ಯಮುನಾ ಕನ್ನಡದಲ್ಲೇ ಎರಡು ನಿಮಿಷ ಮಾತಾಡಿದಳು, ಕೃಪಾ ಇಂಗ್ಲಿಷಿಗೆ ತಿರುಗಿಸಿದಳು. ಬರೆಯುವವರು ಒಂದು ಕೋಣೆಯಲ್ಲಿರುತ್ತಾರೆ, ಓಡಿಸುವವರು ಯಂತ್ರದ ಮುಂದೆ ನಿಂತಿರುತ್ತಾರೆ, ಭಾಷೆ ಕಟ್ಟುವವರು ಒಂದು ದಿನವಾದರೂ ಬಂದು ಅಲ್ಲಿ ನಿಲ್ಲಬೇಕು ಎಂದಳು ಯಮುನಾ. ಚಪ್ಪಾಳೆ ನಿಂತ ಮೇಲೆ, ಇಬ್ಬರಿಗೂ ಒಂದೊಂದು ಫಲಕ ಕೊಟ್ಟರು.

ಲಾಕಿನ ಸಂಗತಿ ತಿಳಿದ ಶಿವಶಂಕರ್ ಮರುವಾರ ಯಮುನಾಳನ್ನು ಕರೆದು ಎಷ್ಟು ಯಂತ್ರಗಳಿಗೆ ಲಾಕ್ ಇಲ್ಲ ಎಂದು ವಿಚಾರಿಸಿದರು. ನಾಲ್ಕಕ್ಕೆ ಇರಲಿಲ್ಲ. ಎರಡು ದಿನದಲ್ಲಿ ನಾಲ್ಕನ್ನೂ ಸರಿ ಮಾಡಿಸಿದರು. ಈಗ ಶನಿವಾರಗಳಂದು ಕೃಪಾಳ ವಿದ್ಯಾರ್ಥಿಗಳು ಕಾರ್ಖಾನೆಗೆ ಬರುತ್ತಾರೆ. ಲ್ಯಾಪ್‌ಟಾಪ್ ತೆಗೆಯುವ ಮೊದಲು ಯಮುನಾ ಅವರಿಗೆ ಕಣ್ಣು ಕಾಯುವ ಕನ್ನಡಕ ಹಾಕಿಸಿ, ಒಂದು ಗಂಟೆ ಯಂತ್ರದ ಪಕ್ಕದಲ್ಲಿ ನಿಲ್ಲಿಸುತ್ತಾಳೆ.